ಮದ್ದಿಗಿಟ್ಟ ಹೆಸರು

ನಮ್ಮೂರಿನಲ್ಲಿ ಆಲೂಗಡ್ಡೆಗೆ ಹೊಡೆಯುವ ಮದ್ದಿಗೆ ಅದನ್ನು ತಂದವರ ಹೆಸರನ್ನೇ ಇಡುತ್ತಾರೆ. ಅಂಗಮಾರಿ ರೋಗ ಆ ಮದ್ದಿಗೆ ಹೆದರುವವರೆಗೆ ಹೆಸರು ನಡೆಯುತ್ತದೆ. ಹೆದರುವುದನ್ನು ಬಿಟ್ಟ ದಿನ ಹೆಸರೂ ಹೋಗುತ್ತದೆ. ಆಮೇಲೆ ಅದನ್ನು ಯಾರೂ ಬಾಯಲ್ಲಿ ಆಡುವಂತಿಲ್ಲ. ತಂದವರನ್ನು ಆ ಹೆಸರಿನಿಂದ ಕರೆಯುವಂತಿಲ್ಲ, ಅವರಿಗೆ ಬೇರೆ ಹೆಸರು ಇಡುವಂತೆಯೂ ಇಲ್ಲ. ಅದೇ ಹೆಸರಿನ ಉಳಿದವರು ಮಾತ್ರ ಬೇರೆ ಹೆಸರು ಹುಡುಕಿಕೊಳ್ಳಬೇಕು. ನನ್ನ ಅವ್ವ ಸಾಯುವ ಹೊತ್ತಿಗೆ ಅವಳಿಗೆ ಮೂರನೆಯ ಹೆಸರು ನಡೆಯುತ್ತಿತ್ತು.

ನಾನು ಒಂಬತ್ತು ವರ್ಷದವಳಿದ್ದಾಗ ಹೋದ ಹೆಸರು ನನ್ನ ಅಪ್ಪನದೂ ಆಗಿತ್ತು. ಅವ್ವ ಹೊಲದ ಬದುವಿನ ಮೇಲೆ ನಿಂತು ಹೊಸ ಹೆಸರು ಹಿಡಿದು ಊಟಕ್ಕೆ ಕರೆದರೆ ಅಪ್ಪ ತಿರುಗುತ್ತಿರಲಿಲ್ಲ. ಹಟವೇನೂ ಅಲ್ಲ, ಕರೆಯುತ್ತಿರುವುದು ತನ್ನನ್ನೇ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಅವ್ವ ಸಾಲುಗಳ ನಡುವೆ ನಡೆದುಹೋಗಿ ಹೆಗಲು ಮುಟ್ಟುವುದನ್ನು ರೂಢಿ ಮಾಡಿಕೊಂಡಳು. ಆ ಮದ್ದು ತಂದಿದ್ದ ಮುದುಕ ಶೀತಲಗೃಹದ ಹಿಂದಿನ ಕೋಣೆಯಲ್ಲಿ ಇನ್ನೂ ಹದಿನಾರು ವರ್ಷ ಬದುಕಿದ. ಮದುವೆಗೆ ಕರೆಯಲು ಹೆಸರಿಲ್ಲದ ಕಾರಣ ಯಾರೂ ಅವನನ್ನು ಕರೆಯಲಿಲ್ಲ. ಅವನು ಸತ್ತಾಗ ತಮಟೆಯವನು “ಒಬ್ಬರು ಹೋದರು” ಎಂದಷ್ಟೇ ಸಾರಿದ. ಆ ವರ್ಷದ ಹೊಲದ ವಾಸನೆ ನನಗೆ ಈಗಲೂ ನೆನಪಿದೆ. ಗಿಡ ಕಪ್ಪಾಗಿ ಮಲಗಿದ ಮೇಲೆ ನೆಲದೊಳಗೆ ಗಡ್ಡೆ ಕೊಳೆತು, ಆ ನಾತ ಮನೆಯ ಗೋಡೆಗೆ, ಹಾಸಿಗೆಗೆ, ಕುಡಿಯುವ ನೀರಿಗೆ ಹತ್ತಿತ್ತು. ಆರು ತಿಂಗಳು ನಾವು ಸೊಪ್ಪು ಬೇಯಿಸಿ ತಿಂದೆವು.

ಹನ್ನೊಂದು ವರ್ಷದ ಹಿಂದೆ ಮದ್ದು ತಂದವಳು ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಅವಳ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಮನೆಗೆ ಬಂದ ಮೊದಲ ದಿನದಿಂದ ಅವಳನ್ನು ನಾನು ಅಕ್ಕ ಎಂದೇ ಕರೆದಿದ್ದು, ಅದಕ್ಕೆ ಅಡ್ಡಿಯಿಲ್ಲ. ಭಾವ ತೀರಿಕೊಂಡ ಮೇಲೂ ಅವಳು ನಮ್ಮ ಜೊತೆಯಲ್ಲೇ ಇದ್ದಳು. ನನ್ನ ಗಂಡ ಗಡ್ಡೆಯ ಲಾರಿ ಹತ್ತಿ ಹೋದರೆ ಹದಿನೈದು ದಿನಕ್ಕೊಮ್ಮೆ ಬರುವವನು. ಹೀಗಾಗಿ ಮನೆಯಲ್ಲಿ ಹೆಚ್ಚು ದಿನ ನಾವಿಬ್ಬರೇ. ಮೇಲಿನ ಹೊಲ ಅಕ್ಕನದು, ಕೆಳಗೆ ಮೋರಿಯ ಪಕ್ಕದ ತಗ್ಗಿನ ಹೊಲ ನನ್ನದು.

ಮದ್ದಿಗೆ ಹೆಸರಿಟ್ಟ ದಿನ ಊರವರು ಸೇರುವ ಚೌಕಿಯ ಕಟ್ಟೆಯ ಮೇಲೆ ನಿಂತು ಅವಳು ಹೇಳಿದ್ದು ಊರಿಗೆಲ್ಲ ಬಾಯಿಪಾಠವಾಗಿತ್ತು. “ಮಾರಿ ದಡ್ಡಿ ಅಲ್ಲ. ಅರ್ಧಂಬರ್ಧ ಹೊಡುದ್ರೆ ಸಾಯದಿಲ್ಲ, ಪಾಠ ಕಲೀತದೆ. ಬೆಳೆಗೆ ಮೂರೇ ಸಲ ಹೊಡೀರಿ. ಮೈಲುತುತ್ತದ ನೀಲಿ ಬೆರೆಸ್ದೆ ಒಂದು ಹನೀನೂ ಹೊಡೀಬ್ಯಾಡಿ. ಎರಡು ವರ್ಷ ನನ್ನ ಹೊಡುದ್ರೆ ಮೂರನೇ ವರ್ಷ ನನ್ನ ಮುಟ್ಟಬ್ಯಾಡಿ, ಬರೀ ನೀಲೀಲಿ ಎಷ್ಟು ಬತ್ತದೋ ಅಷ್ಟು ಬೆಳ್ಕಳಿ.” ಜನ ತಲೆಯಾಡಿಸಿದರು. ಆ ವರ್ಷ ಎಲೆ ಎಷ್ಟು ಹಸಿರಾಗಿತ್ತೆಂದರೆ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಅಕ್ಕನ ಹೆಸರು ಇಟ್ಟರು.

ನನ್ನ ಕೆಲಸ ಎಲೆಮನೆಯಲ್ಲಿ. ಚೌಕಿಯ ಹಿಂದಿನ ತಣ್ಣನೆಯ ಕೋಣೆ ಅದು. ಪ್ರತಿ ಹೊಲದಿಂದ ಮಚ್ಚೆ ಬಿದ್ದ ಎಲೆ ತಂದು, ಅದರ ಬೂಷ್ಟನ್ನು ನೀರಿಗೆ ತೊಳೆದು, ಆ ನೀರನ್ನು ಒಳ್ಳೆಯ ಎಲೆಯ ಬಿಲ್ಲೆಗಳ ಮೇಲೆ ಬಿಡಬೇಕು. ಒಂದು ಗಾಜಿನ ತಟ್ಟೆಯಲ್ಲಿ ಬರೀ ನೀರು, ಇನ್ನೊಂದರಲ್ಲಿ ತೆಳು ಮದ್ದು, ಮೂರನೆಯದರಲ್ಲಿ ಗಟ್ಟಿ ಮದ್ದು. ಆರನೆಯ ದಿನ ಮುಚ್ಚಳ ತೆಗೆದರೆ ನೀರಿನ ತಟ್ಟೆಯಲ್ಲಿ ಬಿಳಿ ನವಿರು ಎದ್ದಿರುತ್ತದೆ, ಮದ್ದಿನ ತಟ್ಟೆಯಲ್ಲಿ ಏನೂ ಇರಬಾರದು. ನೋಡಿದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಅಕ್ಕನ ಮಾತಿನ ಮೇಲೆಯೇ ನನಗೆ ಆ ಕೆಲಸ ಸಿಕ್ಕಿದ್ದು.

ನಾಲ್ಕೈದು ವರ್ಷ ಊರು ಅವಳ ಮಾತಿನಂತೆ ನಡೆಯಿತು. ಆಮೇಲೆ ಮೊದಲು ಮೀರಿದವರು ಯಾರೆಂದು ನನಗೆ ಗೊತ್ತಿಲ್ಲ. ನನ್ನದು ಮಾತ್ರ ಗೊತ್ತು. ನಾಲ್ಕು ವರ್ಷದ ಹಿಂದೆ ಪುನರ್ವಸು ಮಳೆ ಹಿಡಿದು ಹನ್ನೊಂದು ದಿನ ಸೂರ್ಯ ಕಾಣಲಿಲ್ಲ. ಅಕ್ಕ ಬಿತ್ತನೆ ಗಡ್ಡೆ ನೋಡಿಕೊಂಡು ಬರಲು ಪರಸ್ಥಳಕ್ಕೆ ಹೋಗಿದ್ದಳು. ತಗ್ಗಿನ ಹೊಲದಲ್ಲಿ ಹತ್ತು ಗಂಟೆಯಾದರೂ ಮಂಜು ಏಳುತ್ತಿರಲಿಲ್ಲ. ಅಲ್ಲಿ ಒಂದು ಗಿಡದ ಕೆಳಗಿನ ಎಲೆಯಲ್ಲಿ, ನೀರು ನೆನೆದ ಕಾಗದದ ಹಾಗೆ ಒಂದು ಕಂದು ಮಚ್ಚೆ ನೋಡಿದೆ. ಬಗ್ಗಿ ಮೂಸಿದೆ. ಅಪ್ಪನ ಹೊಲದ ವಾಸನೆ. ಮೂರು ಸಲ ಹೊಡೆಯುವುದು ಅದಾಗಲೇ ಮುಗಿದಿತ್ತು. ಎಲೆಮನೆಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಮದ್ದಿನಿಂದ ಒಂದಿಷ್ಟು ತೆಗೆದುಕೊಂಡು ಹೋಗಿ ಹೊಡೆದೆ. ನೀಲಿ ಬೆರೆಸಲಿಲ್ಲ, ಬೆರೆಸಿದರೆ ಎಲೆಯ ಮೇಲೆ ಬಣ್ಣ ನಿಂತು ದಾರಿಯಲ್ಲಿ ಹೋಗುವವರಿಗೆ ಕಾಣುತ್ತದೆ. ತೆಗೆದದ್ದು ತಿಳಿಯಬಾರದೆಂದು ಮದ್ದನ್ನು ಅರ್ಧಕ್ಕೆ ತೆಳುಮಾಡಿದೆ. ಮಚ್ಚೆ ನಿಂತಿತು. ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಮುಂದಿನ ವಾರ ಮತ್ತೆ ಹೊಡೆದೆ. ಆ ಬೆಳೆಗೆ ಒಂಬತ್ತು ಸಲ ಹೊಡೆದೆ, ಆಮೇಲಿನ ಎರಡು ಬೆಳೆಗೂ ಹಾಗೆಯೇ.

ಹೋದ ವರ್ಷ ಆರಿದ್ರಾ ಮಳೆಯಲ್ಲಿ, ನನ್ನ ತಗ್ಗಿನ ಹೊಲದ ಎಲೆಯಿಂದ ಮಾಡಿದ ತಟ್ಟೆಯ ಮುಚ್ಚಳ ತೆಗೆದಾಗ ಗಟ್ಟಿ ಮದ್ದಿನಲ್ಲೂ ಬಿಳಿ ನವಿರು ಎದ್ದಿತ್ತು. ಏನೋ ಕೈತಪ್ಪಾಗಿರಬೇಕೆಂದು ತೊಳೆದು ಮತ್ತೆ ಇಟ್ಟೆ. ಮತ್ತೆ ಆರು ದಿನ. ಮೂರು ತಟ್ಟೆಯಲ್ಲೂ ಒಂದೇ ಸಮ ಬಿಳುಪು. ಮದ್ದಿನ ತಟ್ಟೆಯಲ್ಲೇ ತುಸು ಹೆಚ್ಚಾಗಿ ಬಂದಿದೆಯೇನೋ ಅನ್ನಿಸಿತು. ಆ ದಿನ ಪುಸ್ತಕದಲ್ಲಿ ತಗ್ಗಿನ ಹೊಲದ ಮುಂದೆ “ಒಳ್ಳೆಯದು” ಎಂದು ಬರೆದೆ. ಬರೆದ ಮೇಲೆ ಕೈ ತೊಳೆದುಕೊಂಡು ಮನೆಗೆ ಹೋಗಿ ಮುದ್ದೆ ತಿರುವಿದೆ.

ಅಕ್ಕ ಊಟಕ್ಕೆ ಕೂತಾಗ ಕೇಳಿದಳು, “ತಗ್ಗಿಂದು ಹೆಂಗೈತೆ?”

“ಚೆನ್ನಾಗೈತೆ ಅಕ್ಕ.”

ಸರಿ ಎಂದು ಅವಳು ಮುದ್ದೆ ಮುರಿದಳು. ಆದರೆ ಊರಿನಲ್ಲಿ ಅಲ್ಲಲ್ಲಿ ಮಚ್ಚೆ ಕಾಣಿಸಿಕೊಳ್ಳತೊಡಗಿತ್ತು. ಮದ್ದು ಸಾಲದೆ ಬಂದಿದೆ ಎಂದುಕೊಂಡು ಜನ ಇನ್ನಷ್ಟು ಹೊಡೆದರು. ಒಂದು ಪಾಲಿನ ಜಾಗದಲ್ಲಿ ಎರಡು ಪಾಲು, ವಾರಕ್ಕೊಂದರ ಜಾಗದಲ್ಲಿ ಮೂರು. ನನಗೆ ಗೊತ್ತಿತ್ತು. ಸತ್ತಿರುವ ಮದ್ದನ್ನು ಹೊಡೆದಷ್ಟೂ, ಅದಕ್ಕೆ ಇನ್ನೂ ಹೆದರುತ್ತಿದ್ದ ಅಷ್ಟಿಷ್ಟು ಮಾರಿ ಸತ್ತು, ಹೆದರದೆ ಇದ್ದದ್ದಕ್ಕೆ ಜಾಗವಾಗುತ್ತಿತ್ತು. ನಾನು ಹದಿನಾರು ದಿನ ಸುಮ್ಮನಿದ್ದೆ. ಹೇಳಿದರೆ ಅಕ್ಕನ ಹೆಸರು ಹೋಗುತ್ತದೆ, ಅವಳಿಗೋಸ್ಕರ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಒಂದು ಪಾಲು ನಿಜವೂ ಇತ್ತು.

ಆಮೇಲೊಂದು ಬೆಳಗ್ಗೆ ಅಕ್ಕ ತಾನೇ ಎಲೆಮನೆಗೆ ಬಂದಳು. ಸೆರಗಿನಲ್ಲಿ ತಗ್ಗಿನ ಹೊಲದ ಎಲೆ ಕಟ್ಟಿಕೊಂಡು ಬಂದಿದ್ದಳು. ನನ್ನನ್ನು ಏನೂ ಕೇಳದೆ ಮೂರು ತಟ್ಟೆ ತೊಳೆದು, ಬಿಲ್ಲೆ ಕತ್ತರಿಸಿ, ಮುಚ್ಚಳ ಹಾಕಿ ಹೋದಳು. ಆರು ದಿನವೂ ನಾವು ಒಂದೇ ಒಲೆಯಲ್ಲಿ ಅಡುಗೆ ಮಾಡಿದೆವು, ಒಂದೇ ಬಾವಿಯಿಂದ ನೀರು ತಂದೆವು, ತಟ್ಟೆಯ ಮಾತು ಆಡಲಿಲ್ಲ. ಆರನೆಯ ದಿನ ಬಂದು ಮುಚ್ಚಳ ತೆಗೆದು ನೋಡಿದಳು. ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಗಟ್ಟಿ ಮದ್ದಿನ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಚೌಕಿಗೆ ಹೋಗಿ ತಾನೇ ಗಂಟೆ ಹೊಡೆದಳು.

ಮಳೆ ಹನಿಯುತ್ತಿತ್ತು. ಜನ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದು ನಿಂತರು. ಊರಿನ ಯಜಮಾನ ಸಣ್ಣೀರೇಗೌಡರು ತಟ್ಟೆ ನೋಡಿ ಪಕ್ಕದವರಿಗೆ ಕೊಟ್ಟರು. ತಟ್ಟೆ ಕೈಯಿಂದ ಕೈಗೆ ಹೋಗಿ ಒಂದು ಸುತ್ತು ಬಂತು. ಆಗ ನಾನು ಮುಂದೆ ಬಂದು ನಿಂತೆ. ಎಲ್ಲವನ್ನೂ ಹೇಳಿದೆ. ಮೂರು ವರ್ಷದಿಂದ ಕದ್ದು ಹೊಡೆದದ್ದು, ನೀಲಿ ಬೆರೆಸದೆ ಹೊಡೆದದ್ದು, ಪುಸ್ತಕದಲ್ಲಿ ಸುಳ್ಳು ಬರೆದದ್ದು. “ಮಾರಿಗೆ ಪಾಠ ಹೇಳ್ಕೊಟ್ಟೋಳು ನಾನು. ಹೋಗೋದಾದ್ರೆ ನನ್ನ ಹೆಸ್ರು ಹೋಗ್ಲಿ,” ಅಂದೆ.

ಸಣ್ಣೀರೇಗೌಡರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಬದುಕು ಸುಲಭವಾಗುತ್ತಿತ್ತು. “ಕುತ್ಕೊಳವ್ವ,” ಅಂದರು. “ಯಾರು ಹೊಡೆದಿಲ್ಲ ಹೇಳು. ನಾನು ಹೋದ ವರ್ಷ ಏಳು ಸಲ ಹೊಡೆದೆ. ಈ ಪಕ್ಕದೋನು ಎಂಟು ಅಂತಾನೆ, ಹತ್ತಾಗಿರಬೋದು. ಯಾರ್ಯಾರು ಎಷ್ಟು ಹೊಡುದ್ರು ಅಂತ ಕೇಳ್ಕೊಂತ ಹೋದ್ರೆ ಊರಲ್ಲಿ ಒಂದು ಹೆಸ್ರೂ ಉಳಿಯದಿಲ್ಲ. ಮದ್ದು ಯಾರ ಹೆಸರಲ್ಲಿತ್ತೋ ಅವ್ರದ್ದೇ ಹೋಗದು.”

ನಾನು ಅಕ್ಕನ ಕಡೆ ನೋಡಿದೆ. ಅವಳು ಮಳೆಯ ಕಡೆ ನೋಡುತ್ತಿದ್ದಳು.

ಹೆಸರು ತೆಗೆಯುವುದಕ್ಕೆ ದೊಡ್ಡ ಶಾಸ್ತ್ರವೇನೂ ಇಲ್ಲ. ಯಜಮಾನರು ಆ ಹೆಸರು ಹಿಡಿದು ಮೂರು ಸಲ ಕರೆಯುತ್ತಾರೆ, ಹೆಸರಿನವರು ಓಗೊಡದೆ ನಿಲ್ಲಬೇಕು, ಅಷ್ಟೆ. ಸಣ್ಣೀರೇಗೌಡರು ಮೊದಲನೆಯ ಸಲ ಕರೆದಾಗ ಅಕ್ಕನ ತುಟಿ ಸ್ವಲ್ಪ ತೆರೆಯಿತು. ಅವಳು ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಎರಡನೆಯ ಸಲಕ್ಕೆ ಅಲುಗದೆ ನಿಂತಳು. ಮೂರನೆಯ ಸಲ ಕರೆದಾಗ ಗುಂಪಿನ ಹಿಂದಿನಿಂದ ಒಂದು ಎಳೆಯ ಸ್ವರ “ಓ” ಅಂದಿತು. ಮೋರಿಯಾಚೆ ನನ್ನ ಹೊಲಕ್ಕೆ ಅಂಟಿದ ಹೊಲದ ಜವನಮ್ಮನ ಮಗಳು ಅದು. ಅವಳದೂ ಅದೇ ಹೆಸರು. ಜವನಮ್ಮ ತಟ್ಟನೆ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಹೆಸರಿಗೆ ಊರಿನಲ್ಲಿ ಯಾರಾದರೂ ಓಗೊಟ್ಟದ್ದು ಅದೇ ಕೊನೆ.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಮುಂದೆ, ನಾನು ಹಿಂದೆ. ಮೋರಿ ದಾಟುವಾಗ ಅವಳು ತಿರುಗದೆಯೇ ಕೇಳಿದಳು, “ನೀಲಿ ಯಾಕೆ ಬೆರೆಸ್ಲಿಲ್ಲ?”

“ಬಣ್ಣ ಕಾಣ್ತದೆ ಅಂತ.”

ಅವಳು ಸ್ವಲ್ಪ ದೂರ ನಡೆದಳು. “ಅದೊಂದು ಬೆರೆಸಿದ್ರೆ ಇನ್ನೂ ನಾಕು ವರ್ಷ ಬತ್ತಿತ್ತು,” ಅಂದಳು. ಬೈದ ಹಾಗಿರಲಿಲ್ಲ, ಗಡ್ಡೆ ತೂಗಿ ಇಷ್ಟಿದೆ ಎಂದು ಹೇಳಿದ ಹಾಗಿತ್ತು. ಆ ದಿನವೇ ಚಾಪೆ, ಕಂಬಳಿ ತೆಗೆದುಕೊಂಡು ಎಲೆಮನೆಗೆ ಮಲಗಲು ಹೋದಳು. ಊಟ ಕೊಂಡುಹೋಗಿ ಬಾಗಿಲಲ್ಲಿಟ್ಟರೆ ತಿನ್ನುತ್ತಿದ್ದಳು. ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ.

ಪುಷ್ಯ ಮಳೆ ಮುಗಿಯುವ ಹೊತ್ತಿಗೆ ಊರಿನ ಹೊಲವೆಲ್ಲ ಬಿಸಿನೀರು ಸುರಿದ ಹಾಗೆ ಕಪ್ಪಾಗಿ ಬಿದ್ದಿತ್ತು. ಶಾಲೆಯಲ್ಲಿ ಒಂದೇ ಬೆಳಗ್ಗೆ ಹದಿಮೂರು ಹುಡುಗಿಯರ ಹೆಸರು ಬದಲಾಯಿತು. ಹಾಜರಿ ಕರೆಯುವಾಗ ಹೊಸ ಹೆಸರಿಗೆ ಯಾರೂ ಓಗೊಡದೆ, ಮೇಡಮ್ಮು ಒಬ್ಬೊಬ್ಬರನ್ನೇ ಕೈ ತೋರಿಸಿ ಕೂರಿಸಿದರಂತೆ. ಮಘೆಯಲ್ಲಿ ಅಗೆದಾಗ ಬುಟ್ಟಿಗೆ ಹತ್ತು ಗಡ್ಡೆ ಕೂಡ ಗಟ್ಟಿಯಾಗಿ ಸಿಗಲಿಲ್ಲ. ಕುಯ್ದರೆ ಒಳಗೆ ಕೆಂಗಂದು ಬಣ್ಣ. ನಾತ ಮನೆಮನೆಗೂ ಹತ್ತಿತು. ಕೆಲವರು ಊರು ಬಿಟ್ಟು ಕೂಲಿಗೆ ಹೋದರು.

ಅಕ್ಕ ಮಾತ್ರ ದಿನವೂ ಗುದ್ದಲಿ ಹಿಡಿದು ಹೊರಡುತ್ತಿದ್ದಳು. ಜನ ಬದುವಿನ ಮೇಲೆ ಎಸೆದ ಕೊಳೆತ ಗಡ್ಡೆಯ ರಾಶಿಗಳನ್ನು ಒಬ್ಬಳೇ ಆಳದ ಗುಂಡಿ ತೋಡಿ ಹೂಳುತ್ತಿದ್ದಳು. ಆ ರಾಶಿಯಲ್ಲಿ ಒಂದು ಗಡ್ಡೆ ಉಳಿದು ಮೊಳೆತರೆ ಮಾರಿ ಅದರಲ್ಲೇ ಮುಂದಿನ ಮಳೆಗೆ ಕಾದಿರುತ್ತದೆ ಎಂದು ಎಲ್ಲರಿಗೂ ಗೊತ್ತು, ಆದರೆ ಯಾರಿಗೂ ಕೈ ಬರುತ್ತಿರಲಿಲ್ಲ. ಅವಳು ಬಂದಾಗ ಜನ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅದು ದ್ವೇಷವಲ್ಲ, ಎದುರಿಗೆ ಬಂದರೆ ಏನೆಂದು ಕರೆಯುವುದು ಎಂಬ ಸಂಕಟ. ನಾನೂ ಗುದ್ದಲಿ ತೆಗೆದುಕೊಂಡು ಹೋಗಿ ನಾಲ್ಕು ಮಾರು ದೂರದಲ್ಲಿ ತೋಡತೊಡಗಿದೆ. ಅವಳು ಬೇಡ ಎನ್ನಲಿಲ್ಲ.

ಕೆಲವರು ಬುದ್ಧಿ ಕೇಳಲು ನಮ್ಮ ಮನೆಗೇ ಬರುತ್ತಿದ್ದರು. ಅಂಗಳದಲ್ಲಿ ನಿಂತು ಕೆಮ್ಮುವುದು, ಒಳಗಿನಿಂದ ನಾನು ಹೊರಗೆ ಬರುವುದು. ಗುದ್ದಲಿ ಇಡಲು ಬಂದ ಅಕ್ಕ ಅಲ್ಲೇ ಜಗುಲಿಯಲ್ಲಿ ಕೂತಿದ್ದರೂ ಅವರು ನನ್ನ ಮುಖ ನೋಡಿಕೊಂಡೇ ಕೇಳುವರು. “ಮರಿದೇವಕ್ಕ, ಬಿತ್ತನೆಗಿಟ್ಟ ಗಡ್ಡೇಲಿ ಕಣ್ಣು ಕಪ್ಪಾಗ್ಯವೆ. ಏನ್ ಮಾಡದು ಅಂತ ಕೇಳು.” ಅಕ್ಕ ನನ್ನ ಕಡೆಗೆ ಹೇಳುವಳು, “ಆರಿಸಿ ಹೂಳಕ್ಕೆ ಹೇಳು. ದನಕ್ಕೂ ಹಾಕ್ಬ್ಯಾಡ ಅನ್ನು.” ಹೀಗೆ ಬೇರೆಯವರ ಮಾತು ನಡುವೆ ಹಾದುಹೋಗುತ್ತಾ ಅವಳು ನನ್ನ ಜೊತೆ ಮಾತಾಡುವುದು ಮತ್ತೆ ಶುರುವಾಯಿತು.

ದೀಪಾವಳಿ ಕಳೆದ ಮೇಲೆ ಅವಳು ಒಂದು ಬೆಳಗ್ಗೆ ಬಸ್ಸು ಹತ್ತಿ ಹೋದಳು. ಎಲ್ಲಿಗೆಂದು ಹೇಳಲಿಲ್ಲ. ಎಂಟು ದಿನದ ಮೇಲೆ ಕಾಗದದ ಪೆಟ್ಟಿಗೆಯೊಂದನ್ನು ಹೊತ್ತು ಬಂದಳು. ಹೊಸ ಮದ್ದು. ಹೋದ ಊರಿನಲ್ಲಿ ನಮ್ಮ ಎಲೆಮನೆಯಂಥದೇ ಜಾಗದಲ್ಲಿ ಕೂತು, ನಮ್ಮ ಊರಿನ ಬೂಷ್ಟನ್ನು ಶೀಸೆಯಲ್ಲಿ ಕೊಂಡುಹೋಗಿ, ಒಂದೊಂದೇ ಮದ್ದಿಗೆ ಹಿಡಿದು ನೋಡಿ ಆರಿಸಿದ್ದಳು. ಪೆಟ್ಟಿಗೆಯನ್ನು ಜಗುಲಿಯ ಮೇಲಿಟ್ಟು ಕಾಲು ಚಾಚಿ ಕೂತಳು.

“ನಾನು ಚೌಕಿ ಹತ್ತಂಗಿಲ್ಲ. ಇದನ್ನ ನೀನು ಕೊಡು,” ಅಂದಳು.

“ಹೆಸ್ರು?” ಅಂದೆ.

ಅವಳು ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದಳು. ನಾನೇ ಹೇಳಿದೆ, “ನಂದು ಇಡ್ಲಿ.”

“ಬ್ಯಾಡ ಅಂತ ನಾನು ಹೇಳಲ್ಲ,” ಅಂದು ಎದ್ದು ಒಳಗೆ ಹೋಗಿ ನೀರು ಕುಡಿದಳು. ಆ ದಿನ ಅವಳ ಚಾಪೆ ಮನೆಗೆ ವಾಪಸ್ಸು ಬಂತು.

ಚೌಕಿಯಲ್ಲಿ ಸಣ್ಣೀರೇಗೌಡರು ಬೇರೆ ಯೋಚನೆ ಮಾಡಿಕೊಂಡು ಬಂದಿದ್ದರು. ಈ ಸಲ ಯಾರಿಗೂ ಇಲ್ಲದ ಒಂದು ಹೆಸರಿಡೋಣ, ಹೋದರೆ ಯಾರಿಗೂ ನಷ್ಟವಿಲ್ಲ, ಹುಡುಗಿಯರ ಹೆಸರೂ ಬದಲಾಯಿಸಬೇಕಿಲ್ಲ ಅಂದರು. ಜನಕ್ಕೆ ಅದು ಹಿಡಿಸಿತು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಸ್ವಲ್ಪ ನೆಮ್ಮದಿ ಕಂಡೆ.

ನಾನು ಎದ್ದು ನಿಂತೆ. “ಯಾರ್ದೂ ಅಲ್ದೆ ಇರೋದನ್ನ ಯಾರು ಕಾಯ್ತಾರೆ ಗೌಡ್ರೆ? ಮೂರು ಸಲ ಅಂದ್ರೆ ಮೂರು ಸಲ ಅಂತ ಯಾರು ಬಂದು ಹೇಳ್ತಾರೆ? ಎರಡು ವರ್ಷಕ್ಕೆ ಸಾಯ್ತದೆ. ಮರಿದೇವಿ ಅಂತ ಇಡಿ. ಹೊಲಹೊಲಕ್ಕೂ ಬಂದು ನೋಡೋ ಹಕ್ಕು ನನಗಿರ್ಲಿ.”

“ಕೊನೀಗೆ ಏನಾಯ್ತದೆ ಅಂತ ನೋಡಿದೀಯಲ್ಲ,” ಅಂದರು ಗೌಡರು.

“ನೋಡಿದೀನಿ.”

ಹೆಸರಿಟ್ಟರು. ಮನೆಗೆ ಬಂದು ಹೇಳಿದಾಗ ಅಕ್ಕ ಹೂಂ ಅಂದಳು. ನನ್ನ ಗಂಡ ಲಾರಿಯಿಂದ ಇಳಿದು ಬಂದವನು ಸಂಗತಿ ಕೇಳಿ ಇಡೀ ದಿನ ಊಟ ಮಾಡಲಿಲ್ಲ. “ನಾಳೆ ನಿನ್ನ ಏನಂತ ಕರೀಲಿ?” ಎಂದು ಒಮ್ಮೆ ಕೇಳಿದ. ಅವನು ಯಾವತ್ತೂ ನನ್ನನ್ನು ಹೆಸರು ಹಿಡಿದು ಕರೆದವನಲ್ಲ.

ಈ ವರ್ಷ ರೋಹಿಣಿಯಲ್ಲಿ ಬಿತ್ತಿದೆವು. ಉಳಿದ ಬಿತ್ತನೆಯೇ ಕಡಿಮೆ, ಅರ್ಧ ಹೊಲಗಳು ಬೀಳು. ಇದ್ದಷ್ಟು ಗಿಡ ಚೆನ್ನಾಗಿ ಎದ್ದಿತು. ದಾರಿಯಲ್ಲಿ ಹೋಗುವಾಗ ಜನ ಮಾತಾಡಿಕೊಳ್ಳುವುದು ಕಿವಿಗೆ ಬೀಳುತ್ತದೆ. “ಮರಿದೇವಿ ಹೊಡೆದ್ಯಾ?” “ಹೂಂ, ನೆನ್ನೆ ಎರಡು ಕ್ಯಾನು ಹೊಡೆದೆ.” “ನೀಲಿ ಹಾಕಿದ್ಯಾ?” ಮೊದಮೊದಲು ನಾನು ತಿರುಗಿ ನೋಡುತ್ತಿದ್ದೆ, ಈಗ ತಿರುಗುವುದಿಲ್ಲ. ಹುಟ್ಟಿದ ಒಂದು ಹೆಣ್ಣುಕೂಸಿಗೆ ನನ್ನ ಹೆಸರಿಡುತ್ತೇವೆ ಎಂದು ಬಂದವರನ್ನು ಕೈಮುಗಿದು ಬೇರೆ ಹೆಸರಿಡಿರೆಂದು ಕಳಿಸಿದೆ. ದಿನವೂ ಬೆಳಕು ಹರಿದ ಕೂಡಲೇ ಒಂದು ಸುತ್ತು ಹೊಲಗಳಿಗೆ ಹೋಗುತ್ತೇನೆ. ಎಲೆ ತಿರುಗಿಸಿ ನೋಡುತ್ತೇನೆ, ನೀಲಿ ಇದೆಯೇ ಎಂದು ಬೆರಳಿನಿಂದ ಒರೆಸಿ ನೋಡುತ್ತೇನೆ. ಅಕ್ಕ ಎಲೆಮನೆಯಲ್ಲಿ ತಟ್ಟೆ ನೋಡುತ್ತಾಳೆ. ಪುಸ್ತಕದಲ್ಲಿ ಬರೆಯುವವಳು ಈಗ ಅವಳೇ.

ಪುನರ್ವಸು ಮಳೆ ಹಿಡಿದ ಎಂಟನೆಯ ದಿನ ಬೆಳಗ್ಗೆ ಮೋರಿ ದಾಟಿ ಹೋದಾಗ, ಮಂಜಿನೊಳಗೆ ಪಂಪಿನ ಸದ್ದು ಕೇಳಿಸಿತು. ಜವನಮ್ಮ ಬೆನ್ನಿಗೆ ಕ್ಯಾನು ಹಾಕಿಕೊಂಡು ತನ್ನ ಸಾಲಿನ ತುದಿಯಲ್ಲಿ ನಿಂತಿದ್ದಳು. ಅವಳ ಮೂರೂ ಸಲ ಮುಗಿದು ಹತ್ತು ದಿನವಾಗಿತ್ತು. ಕ್ಯಾನಿನಿಂದ ತೊಟ್ಟಿಕ್ಕುತ್ತಿದ್ದ ಹನಿಯಲ್ಲಿ ನೀಲಿ ಇರಲಿಲ್ಲ. ನನ್ನನ್ನು ಕಂಡು ಅವಳು ಓಡಲಿಲ್ಲ, ಬಚ್ಚಿಡಲೂ ಇಲ್ಲ.

“ಮಚ್ಚೆ ಬಿದ್ದೈತೆ ಮರಿದೇವಕ್ಕ,” ಅಂದಳು. “ಇಲ್ಲಿ ನೋಡು. ಒಂದೇ ಗಿಡ. ಇವತ್ತೊಂದು ದಿನ ಬಿಟ್ಬುಡು. ಮನೇಲಿ ತಿನ್ನಕ್ಕೆ ಇದೇ ಇರೋದು.”

ಬಗ್ಗಿ ನೋಡಿದೆ. ಮಚ್ಚೆ ನಿಜವಾಗಿಯೂ ಇತ್ತು. ಅಂಚಿನಲ್ಲಿ ಆಗಲೇ ಬಿಳುಪು ಏಳುತ್ತಿತ್ತು. ಆ ಗಿಡ ಮತ್ತು ಸುತ್ತಲಿನ ನಾಲ್ಕು ಗಿಡ ಕಿತ್ತು ಗೋಣಿಯಲ್ಲಿ ತುಂಬಿ ಹೂಳು, ಉಳಿದದ್ದಕ್ಕೆ ಬರೀ ನೀಲಿ ಹೊಡೆ ಎಂದು ಹೇಳಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಐದು ಗಿಡ ಕೀಳು ಎಂದರೆ ಅವಳಿಗೆ ಹೇಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಪಂಪಿನ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು.

ಕ್ಯಾನು ಕಸಿದುಕೊಳ್ಳುವಷ್ಟು ಬಲ ನನಗಿರಲಿಲ್ಲ. ಗೌಡರನ್ನು ಕರೆಯೋಣವೆಂದರೆ ಅವರ ಹೊಲದ ಎಲೆಯಲ್ಲೂ ನೀಲಿ ಇಲ್ಲದ್ದನ್ನು ನಾನು ಹಿಂದಿನ ದಿನವೇ ನೋಡಿದ್ದೆ. ನಾನು ಅವಳ ಎರಡು ಸಾಲುಗಳ ನಡುವೆ ಒದ್ದೆ ಮಣ್ಣಿನಲ್ಲಿ ಕೂತುಬಿಟ್ಟೆ. “ಹೊಡೆಯೋದಾದ್ರೆ ಹೊಡಿ. ನಾನು ಇಲ್ಲೇ ಕುತ್ಕೊಂಡಿರ್ತೀನಿ,” ಅಂದೆ.

ಅವಳು ಬಹಳ ಹೊತ್ತು ನಿಂತಿದ್ದಳು. ಮಂಜು ಎದ್ದು ಮೋರಿಯ ಕಲ್ಲು ಕಾಣತೊಡಗಿತು. ಆಮೇಲೆ ಕ್ಯಾನು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಐದು ಗಿಡಗಳನ್ನು ಒಂದೊಂದಾಗಿ ಕಿತ್ತಳು. ಬೇರಿನಲ್ಲಿ ಗೋಲಿಯಷ್ಟು ಚಿಕ್ಕ ಗಡ್ಡೆಗಳು ಬಂದಿದ್ದವು. ಅವನ್ನು ಬಿಡಿಸಿ ಮಡಿಲಿಗೆ ಹಾಕಿಕೊಂಡಳು. ಅವನ್ನೂ ಹೂಳಬೇಕೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಅವಳು ಆ ದಿನ ಮದ್ದು ಹೊಡೆಯಲಿಲ್ಲ. ಮರುದಿನ ಹೊಡೆದಳೋ ಏನೋ ನಾನು ಕಾಣೆ. ಮರುದಿನ ನಾನು ಬೇರೊಬ್ಬರ ಹೊಲದ ಸಾಲುಗಳ ನಡುವೆ ಕೂತಿದ್ದೆ.